ಅಪಾಯವನ್ನು ತಂದವರೇ ರೆಪ್ಪೆಯನ್ನೂ ತರಬೇಕು

ಮಿದುಳನ್ನು ತಲೆಬುರುಡೆಯೊಳಗೂ ಹೃದಯವನ್ನು ಪಕ್ಕೆಲುಬುಗಳ ನಡುವೆಯೂ ಮುಚ್ಚಿಟ್ಟು ಕಾಪಾಡಿದ ಪ್ರಕೃತಿಗೆ ಕಣ್ಣಿನ ವಿಷಯದಲ್ಲಿ ಮಾತ್ರ ಅಂಥ ಸುಲಭೋಪಾಯವು ದೊರೆಯಲಿಲ್ಲ. ಕಣ್ಣು ಬೆಳಕಿಗೆ ತೆರೆದುಕೊಂಡಿದ್ದರಷ್ಟೆ ಕಣ್ಣು. ಮುಚ್ಚಿಟ್ಟ ಕ್ಷಣದಲ್ಲಿಯೇ ಅದರ ಪ್ರಯೋಜನವು ನಷ್ಟವಾಗುವುದು. ಎರಡೂವರೆ ಸೆಂಟಿಮೀಟರಿಗಿಂತ ಕೊಂಚ ಕಡಿಮೆ ಅಗಲದ ಈ ಗೋಳವು, ನಡುವೆ ಅರ್ಧ ಮಿಲಿಮೀಟರಿನಷ್ಟೇ ದಪ್ಪವಿರುವ ಕಾರ್ನಿಯಾ ಎಂಬ ಪಾರದರ್ಶಕ ಪಟಲವನ್ನು ಧೂಳು, ಗಾಳಿ, ಬಿಸಿಲು, ಮುಳ್ಳುಗಳ ಲೋಕಕ್ಕೆ ಒಡ್ಡಿಕೊಂಡೇ ಜೀವಮಾನವೆಲ್ಲ ದುಡಿಯಬೇಕು. ತೆರೆದಿಟ್ಟುಕೊಂಡೇ ಕಾಪಾಡುವುದು ಹೇಗೆ ಎಂಬ ಈ ಸಮಸ್ಯೆಗೆ ಜೀವಲೋಕವು ಕೋಟ್ಯಂತರ ವರ್ಷಗಳಲ್ಲಿ ಕಂಡುಕೊಂಡ ಉತ್ತರಗಳನ್ನು ಪರಿಶೀಲಿಸಿದರೆ ವಿಸ್ಮಯವಾಗುವುದು. ಆ ಉತ್ತರಗಳಿಂದ ಯಂತ್ರಯುಗದ ಮನುಷ್ಯರಾದ ನಾವು ಏನನ್ನೂ ಕಲಿಯದೆ ಹೋದುದನ್ನು ನೆನೆದರೆ ವ್ಯಥೆಯಾಗುವುದು.

ಮೊದಲು ನಮ್ಮ ಕಣ್ಣನ್ನೇ ತೆಗೆದುಕೊಳ್ಳೋಣ. ಏಳು ಮೂಳೆಗಳು ಕೂಡಿ ರಚಿತವಾದ ಕುಳಿಯೊಳಗೆ, ಕೊಬ್ಬಿನ ಮೆತ್ತೆಯ ಮೇಲೆ, ಕಣ್ಣುಗುಡ್ಡೆಯು ನೆಲೆಸಿದೆ. ದೊಡ್ಡ ಪೆಟ್ಟು ಮುಖಕ್ಕೆ ಬಿದ್ದರೆ ಹುಬ್ಬಿನ ಮೂಳೆ, ಕೆನ್ನೆಯ ಮೂಳೆ, ಮೂಗಿನ ದಂಡೆ ಇವು ಮುಂದಾಗಿ ನಿಂತು ಅದನ್ನು ತಡೆದುಕೊಳ್ಳುವುವು. ಹಣೆಯಿಂದಿಳಿಯುವ ಬೆವರನ್ನು ಹುಬ್ಬು ಪಕ್ಕಕ್ಕೆ ಹರಿಯಿಸುವುದು. ರೆಪ್ಪೆಗೂದಲನ್ನು ನಾವು ಸೌಂದರ್ಯದ ಸಾಧನವೆಂದು ಬಗೆದಿದ್ದೇವೆ. ಆದರೆ ಅಮೆರಿಕದ ಜಾರ್ಜಿಯಾ ತಾಂತ್ರಿಕ ಸಂಸ್ಥೆಯ ಸಂಶೋಧಕರು 22 ಜಾತಿಯ ಸಸ್ತನಿಗಳ ರೆಪ್ಪೆಗಳನ್ನು ಅಳೆದು 2015ರಲ್ಲಿ ತೋರಿಸಿಕೊಟ್ಟಂತೆ, ಈ ಕೂದಲಿನ ಉದ್ದವು ಕಣ್ಣಿನ ಅಗಲದ ಸುಮಾರು ಮೂರನೆಯ ಒಂದು ಪಾಲಿನಷ್ಟಿರುವುದಲ್ಲದೆ, ಆ ಪ್ರಮಾಣದಲ್ಲಿದ್ದಾಗಲೇ ಕಣ್ಣಿಗೆ ತಾಗುವ ಗಾಳಿಯ ರಭಸವೂ ಧೂಳೂ ಅತಿ ಕಡಿಮೆಯಾಗಿ ಕಣ್ಣಿನ ತೇವವು ಉಳಿಯುವುದು. ಆ ತೇವವೂ ಬರಿಯ ನೀರಲ್ಲ. ಕಣ್ಣಿಗೆ ಅಂಟಿಕೊಳ್ಳುವ ಲೋಳೆ, ಅದರ ಮೇಲೆ ಅಶ್ರುಗ್ರಂಥಿಯಿಂದ ಬಂದ ನೀರು, ಅದು ಆರಿಹೋಗದಂತೆ ಮೇಲೆ ಹರಡಿಕೊಳ್ಳುವ ಎಣ್ಣೆಯ ತೆಳುಲೇಪ, ಹೀಗೆ ಮೂರು ದ್ರವ್ಯಗಳ ರಚನೆ ಅದರದು. 1922ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಕಂಡುಹಿಡಿದ ಲೈಸೋಜೈಮ್ ಎಂಬ ಕಿಣ್ವವು ಈ ಕಣ್ಣೀರಿನಲ್ಲಿದ್ದು, ಬ್ಯಾಕ್ಟೀರಿಯಾಗಳ ಹೊರಗೋಡೆಯನ್ನೇ ಒಡೆದು ಅವನ್ನು ಕೊಲ್ಲುತ್ತದೆ. ಮುಂದೆ ಪೆನಿಸಿಲಿನ್ನಿನಿಂದ ಲೋಕವಿಖ್ಯಾತನಾದ ಆ ವಿಜ್ಞಾನಿಗೆ ಸೂಕ್ಷ್ಮಾಣುನಾಶಕದ ಮೊದಲ ದರ್ಶನವಾದದ್ದು ಮನುಷ್ಯದೇಹದ ಇಂಥ ಸಾಮಾನ್ಯ ದ್ರವಗಳಲ್ಲಿಯೇ.

ಇಷ್ಟೆಲ್ಲ ಸಿದ್ಧತೆ ಯಾತಕ್ಕೆಂಬುದು ಕಾರ್ನಿಯಾದ ಸ್ವಭಾವವನ್ನು ತಿಳಿದರೆ ಮನವರಿಕೆಯಾಗುವುದು. ಬೆಳಕಿಗೆ ಅಡ್ಡಬರಬಾರದೆಂಬ ಕಾರಣದಿಂದ ಅದರೊಳಗೆ ರಕ್ತನಾಳವೇ ಇಲ್ಲ; ಎಚ್ಚರವಾಗಿರುವಷ್ಟು ಹೊತ್ತೂ ತನಗೆ ಬೇಕಾದ ಆಮ್ಲಜನಕವನ್ನು ಅದು ಬಹುಪಾಲು ಕಣ್ಣೀರಿನ ಮೂಲಕ ಗಾಳಿಯಿಂದಲೇ ಪಡೆದುಕೊಳ್ಳುತ್ತದೆ. ರಕ್ತವಿಲ್ಲದ ಈ ಪಟಲದಲ್ಲಿ ನರಗಳು ಮಾತ್ರ ದೇಹದ ಬೇರೆಲ್ಲಿಯೂ ಇಲ್ಲದಷ್ಟು ದಟ್ಟವಾಗಿವೆ. ಆದಕಾರಣವೇ ಕಣ್ಣಿಗೆ ಕಾಣದಷ್ಟು ಸಣ್ಣ ಕಸವು ತಾಗಿದರೂ ನಾವು ತಳಮಳಿಸುವೆವು, ಯೋಚಿಸುವ ಮೊದಲೇ ರೆಪ್ಪೆಯು ಮುಚ್ಚಿಕೊಳ್ಳುವುದು, ನೀರು ಸುರಿದು ಆ ಕಸವನ್ನು ತೊಳೆಯಲೆಳಸುವುದು. ಏನೂ ತಾಗದಿದ್ದಾಗಲೂ ನಾವು ನಿಮಿಷಕ್ಕೆ ಸುಮಾರು 15 ಬಾರಿ ರೆಪ್ಪೆ ಬಡಿಯುತ್ತ, ಆ ತೇವವನ್ನು ಸಮನಾಗಿ ಹರಡುತ್ತಲೇ ಇರುತ್ತೇವೆ. ಅದಕ್ಕಾಗಿ ಒಮ್ಮೆಯೂ ಮನಸ್ಸನ್ನು ವ್ಯಯಮಾಡುವುದಿಲ್ಲ. ಮಹಾಭಾರತದ ನಳೋಪಾಖ್ಯಾನದಲ್ಲಿ ದಮಯಂತಿಯು, ನಳನ ರೂಪವನ್ನೇ ತಳೆದು ಕುಳಿತ ನಾಲ್ವರು ದೇವತೆಗಳ ನಡುವೆ ನಿಜವಾದ ನಳನನ್ನು ಗುರುತಿಸಿದ್ದು ಇಂಥ ಲಕ್ಷಣಗಳಿಂದಲೇ ಅಲ್ಲವೆ? ದೇವತೆಗಳ ಪಾದ ನೆಲವನ್ನು ಮುಟ್ಟದು, ಮೈಗೆ ಧೂಳು ಅಂಟದು, ಕಣ್ಣು ಎವೆಯಿಕ್ಕದು. ನೆಲದ ಮೇಲೆ ಧೂಳಿನಲ್ಲಿ ನಿಂತ ನಳನಾದರೋ ರೆಪ್ಪೆ ಬಡಿಯುವನು. ಧೂಳಿರುವಲ್ಲಿ ರೆಪ್ಪೆ, ಧೂಳಿಲ್ಲದಲ್ಲಿ ಅದು ಅನಾವಶ್ಯಕ ಎಂಬ ಸೂಕ್ಷ್ಮವು ಆ ಪ್ರಾಚೀನ ಕಥೆಯಲ್ಲಿಯೇ ಅಡಗಿದೆ.

ಈ ಸೂಕ್ಷ್ಮವೇ ಪ್ರಾಣಿಲೋಕದಲ್ಲೆಲ್ಲ ನಿಯಮವಾಗಿ ಕಾಣಬರುವುದು. ಮರಳುಗಾಡಿನ ಒಂಟೆಗೆ ನೀಳವಾದ ರೆಪ್ಪೆಗೂದಲಿನ ಎರಡು ಸಾಲುಗಳೂ, ಅಡ್ಡಲಾಗಿ ಸರಿದು ಮರಳನ್ನು ಒರೆಸುವ ಮೂರನೆಯ ರೆಪ್ಪೆಯೂ ಇವೆ. ಕುದುರೆಯ ಪಾಪೆಯ ಅಂಚಿನಲ್ಲಿ ಕಪ್ಪು ಗಂಟುಗಳ ಸಾಲೊಂದಿದ್ದು, ಬಯಲಿನಲ್ಲಿ ಮೇಯುವಾಗ ಮೇಲಿನಿಂದ ಬೀಳುವ ಬಿಸಿಲಿನ ಝಳವನ್ನು ಅದು ತಗ್ಗಿಸುವುದು. ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟಿಗೆ ಹೋದವರು ಕಾವೇರಿಯ ಬಂಡೆಗಳ ಮೇಲೆ ಮಲಗಿದ ಮೊಸಳೆಗಳನ್ನು ನೋಡಿರುವರಷ್ಟೆ. ಆ ಮೊಸಳೆ ನೀರಿಗಿಳಿದೊಡನೆ ಮೂರನೆಯ ರೆಪ್ಪೆಯೊಂದು ಅದರ ಕಣ್ಣಿನ ಮೇಲೆ ಸರಿದು ಬರುವುದು. ಅದೇ ನದಿಯಲ್ಲಿ ಮೀನಿಗಾಗಿ ಧುಮುಕುವ ಮಿಂಚುಳ್ಳಿಗೂ ಮುಳುಗಿ ಈಜುವ ನೀರುಕಾಗೆಗೂ ಇದೇ ಬಗೆಯ ಕವಚವುಂಟು. ಮಲೆನಾಡಿನ ಮರಕುಟಿಗವು ಕಾಂಡಕ್ಕೆ ಕೊಕ್ಕನ್ನು ಕುಕ್ಕುವ ಪ್ರತಿಯೊಂದು ಸಲವೂ, ಕೊಕ್ಕು ಮರಕ್ಕೆ ತಾಗುವುದಕ್ಕೆ ಸ್ವಲ್ಪವೇ ಮುನ್ನ, ಈ ಮೂರನೆಯ ರೆಪ್ಪೆಯನ್ನು ಮುಚ್ಚಿಕೊಳ್ಳುವುದರಿಂದ, ಸಿಡಿಯುವ ಮರದ ಚಕ್ಕೆ ಕಣ್ಣನ್ನು ಸೇರದು. ಪೆಟ್ಟಿನ ಅದುರಿಗೆ ಕಣ್ಣುಗುಡ್ಡೆಯೂ ಸ್ಥಾನ ಬಿಟ್ಟು ಕದಲದು.

ನಮ್ಮಂಥ ರೆಪ್ಪೆಯಿಲ್ಲದ ಪ್ರಾಣಿಗಳೂ ನಿರ್ಗತಿಕವಾಗಿಲ್ಲ. ನೆಲಕ್ಕೆ ಮೈಯೊತ್ತಿ ಕಲ್ಲುಮುಳ್ಳುಗಳ ನಡುವೆ ಹರಿಯುವ ಹಾವಿನ ಕಣ್ಣಿನ ಮೇಲೆ ಪಾರದರ್ಶಕವಾದ ಒಂದು ಶಲ್ಕವು ಶಾಶ್ವತವಾಗಿ ಕೂಡಿಕೊಂಡಿದೆ. ಸವೆದು ಗೀರುಬಿದ್ದ ಆ ಶಲ್ಕವು ಹಾವು ಪೊರೆ ಬಿಟ್ಟಾಗಲೆಲ್ಲ ಪೊರೆಯೊಡನೆಯೇ ಕಳಚಿ, ಅದರ ಕೆಳಗೆ ಸಿದ್ಧವಾಗಿದ್ದ ಹೊಸದು ಬೆಳಕಿಗೆ ಬರುವುದು. ನಮ್ಮ ಮನೆಯ ಗೋಡೆಯ ಹಲ್ಲಿಯು ನಾಲಗೆಯಿಂದ ತನ್ನ ಕಣ್ಣನ್ನು ತಾನೇ ನೆಕ್ಕಿ ಶುಚಿಗೊಳಿಸುವುದು. ಬೇಲಿಯ ಮೇಲಿನ ಗೋಸುಂಬೆಯ ರೆಪ್ಪೆಗಳು ಒಂದಕ್ಕೊಂದು ಬೆಸೆದುಕೊಂಡು, ನಡುವೆ ಪಾಪೆಗೆ ಸಾಲುವಷ್ಟೇ ರಂಧ್ರವನ್ನುಳಿಸಿ, ಕಣ್ಣಿನೊಡನೆಯೇ ತಿರುಗುತ್ತವೆ. ಗದ್ದೆಯ ಏಡಿಯು ಕಣ್ಣಿನ ಕಡ್ಡಿಗಳನ್ನು ಚಿಪ್ಪಿನ ತೋಡಿನೊಳಕ್ಕೆ ಮಡಿಸಿಕೊಳ್ಳುವುದು. ಬಸವನಹುಳು ತನ್ನ ಕಣ್ಣನ್ನು ಅದಿರುವ ಕೋಡಿನ ಸಮೇತ ಒಳಮಗುಚಿಕೊಳ್ಳುವುದು. ಸಾವಿರಾರು ಮುಖಗಳ ಕಣ್ಣುಳ್ಳ ಜೇನುನೊಣವು ಆ ಮುಖಗಳ ನಡುವೆ ಬೆಳೆದ ಸೂಕ್ಷ್ಮರೋಮಗಳಲ್ಲಿ ಸಿಕ್ಕಿದ ಪರಾಗವನ್ನು ಮುಂಗಾಲುಗಳಿಂದ ಬಾಚಿ ತೆಗೆಯುವುದು.

ಇವೆಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದರೆ ಮೂರು ತತ್ತ್ವಗಳು ಸ್ಪಷ್ಟವಾಗುವುವು. ಮೊದಲನೆಯದು, ರಕ್ಷಣೆಯು ದೃಷ್ಟಿಗೆ ಅಡ್ಡಬರಕೂಡದು. ಹಾವಿನ ಶಲ್ಕವೂ ನೀರುಕಾಗೆಯ ಮೂರನೆಯ ರೆಪ್ಪೆಯೂ ಪಾರದರ್ಶಕವಾಗಿರುವುದು ಅದಕ್ಕಾಗಿಯೇ. ಎರಡನೆಯದು, ರಕ್ಷಣೆಯು ಆ ಜೀವಿಯ ಎಚ್ಚರವನ್ನು ಅವಲಂಬಿಸಕೂಡದು; ಮರಕುಟಿಗವು ಪ್ರತಿಯೊಂದು ಪೆಟ್ಟಿಗೂ ಆಲೋಚಿಸಿ ಕಣ್ಣು ಮುಚ್ಚುವುದಿಲ್ಲ, ಪೆಟ್ಟಿನ ಕ್ರಿಯೆಯಲ್ಲಿಯೇ ಮುಚ್ಚುವಿಕೆಯೂ ಸೇರಿಕೊಂಡಿದೆ. ಮೂರನೆಯದು, ಅಪಾಯವೂ ರಕ್ಷಣೆಯೂ ಜೊತೆಜೊತೆಯಾಗಿಯೇ ಬೆಳೆದಿವೆ. ಮರಳುಗಾಡಿಗೆ ಒಗ್ಗಿದ ಪ್ರಾಣಿಯ ಕಣ್ಣು ಮರಳಿಗೂ ಒಗ್ಗಿದೆ. ನಮ್ಮ ಕಣ್ಣಿನ ಮೂಗಿನ ಕಡೆಯ ಮೂಲೆಯಲ್ಲಿ ಕಾಣುವ ಕೆಂಪುಛಾಯೆಯ ಸಣ್ಣ ಮಡಿಕೆಯು ನಮ್ಮ ದೂರದ ಪೂರ್ವಜರ ಮೂರನೆಯ ರೆಪ್ಪೆಯ ಅವಶೇಷ. ಮನುಷ್ಯನ ಜೀವನಕ್ರಮಕ್ಕೆ ಅದು ಅಗತ್ಯವಾಗಿ ಉಳಿಯದೆ ಕಾಲಾಂತರದಲ್ಲಿ ಕುಗ್ಗಿಹೋಯಿತು.

ಆದರೆ ಆ ಜೀವನಕ್ರಮವು ಇಂದು ಬದಲಾಗಿದೆ. ಯಾವ ಊರಿನ ಬೀದಿಯಲ್ಲಿ ನಡೆದರೂ ಕಬ್ಬಿಣವನ್ನೋ ಗ್ರಾನೈಟನ್ನೋ ಟೈಲ್ಸನ್ನೋ ಕೈಯಂತ್ರದಿಂದ ಕತ್ತರಿಸುತ್ತಿರುವ ತರುಣನೊಬ್ಬನು ಕಾಣಸಿಗುವನು. ಆ ಯಂತ್ರದ ನಾಲ್ಕು ಅಂಗುಲದ ಚಕ್ರವು ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುವುದರಿಂದ, ಅದರ ಅಂಚಿನಿಂದ ಸಿಡಿಯುವ ಕಣವು ಸೆಕೆಂಡಿಗೆ 50 ಮೀಟರಿಗೂ ಮೀರಿದ ವೇಗದಲ್ಲಿ ಹೊರಡಬಲ್ಲುದು. ಅರ್ಧ ಮೀಟರು ದೂರದ ಕಣ್ಣನ್ನು ಮುಟ್ಟಲು ಅದಕ್ಕೆ ಸೆಕೆಂಡಿನ ನೂರನೆಯ ಒಂದು ಭಾಗವು ಸಾಕು. ರೆಪ್ಪೆಯು ಪೂರ್ತಿಯಾಗಿ ಮುಚ್ಚಿಕೊಳ್ಳಲು ಹತ್ತನೆಯ ಒಂದು ಭಾಗವಾದರೂ ಬೇಕು. ಎಂದ ಮೇಲೆ, ಆ ತರುಣನು ಎಷ್ಟೇ ಜಾಗರೂಕನಾಗಿದ್ದರೂ, ಅವನ ದೇಹವು ಎಷ್ಟೇ ಚುರುಕಾಗಿದ್ದರೂ, ರೆಪ್ಪೆ ಸೋಲಲೇಬೇಕು. ಬೀಸುವ ಗಾಳಿಯ ಧೂಳಿಗೂ ತಾಗುವ ಎಲೆಗೂ ತಕ್ಕಂತೆ ರಚಿತವಾದ ಅಂಗಕ್ಕೆ ಉಕ್ಕಿನ ಚೂರಿನೊಡನೆ ಸ್ಪರ್ಧಿಸೆಂದು ಹೇಳುವುದು ಅನ್ಯಾಯವಲ್ಲದೆ ಮತ್ತೇನು?

ವೆಲ್ಡಿಂಗ್ ಕೆಲಸದ ಅಪಾಯವು ಇನ್ನೂ ಕಪಟದ್ದು. ಆ ಜ್ವಾಲೆಯಿಂದ ಹೊಮ್ಮುವ ನೇರಳಾತೀತ ಕಿರಣವು ಕಣ್ಣಿಗೆ ಕಾಣಿಸದು. ತಾಗಿದ ಗಳಿಗೆಯಲ್ಲಿ ನೋವನ್ನೂ ಉಂಟುಮಾಡದು. ಕಾರ್ನಿಯಾದ ಮೇಲ್ಪದರವನ್ನು ಸುಟ್ಟು, ಹಲವು ಗಂಟೆಗಳಾದ ಮೇಲೆ, ನಡುರಾತ್ರಿಯಲ್ಲಿ, ಕಣ್ಣಿಗೆ ಮರಳು ಸುರಿದಂಥ ಯಾತನೆಯನ್ನು ಎಬ್ಬಿಸುವುದು. ನೋವಿನಿಂದಲೇ ಎಚ್ಚರಗೊಳ್ಳುವಂತೆ ರಚಿತವಾದ ಕಣ್ಣಿಗೆ ಎಚ್ಚರಿಕೆಯನ್ನೇ ಕೊಡದೆ ಹೊಡೆಯುವ ಶತ್ರುವಿದು. ಉತ್ತರ ಧ್ರುವದ ಹಿಮಭೂಮಿಯ ಇನ್ಯುಯಿಟ್ ಜನರು ಹಿಮದಿಂದ ಪ್ರತಿಫಲಿಸುವ ಇದೇ ಬಗೆಯ ಕಿರಣಗಳಿಂದ ಕಣ್ಣು ಕೆಡುವುದನ್ನು ಬಲ್ಲವರಾಗಿ, ಮೂಳೆಯನ್ನೋ ಮರವನ್ನೋ ಕೆತ್ತಿ, ತೆಳುವಾದ ಸೀಳೊಂದನ್ನು ಮಾತ್ರ ಬಿಟ್ಟ ಕಣ್ಗಾಪುಗಳನ್ನು ಅನಾದಿಯಿಂದ ಧರಿಸುತ್ತ ಬಂದರು. ವಿಜ್ಞಾನಶಾಸ್ತ್ರವನ್ನು ಓದದ ಆ ಬೇಟೆಗಾರರು ತಮ್ಮ ಮಕ್ಕಳಿಗೆ ಕಲಿಸಿಕೊಟ್ಟ ವಿವೇಕವನ್ನು ನಾವು ನಮ್ಮ ವೆಲ್ಡಿಂಗ್ ಅಂಗಡಿಯ ಹದಿನೆಂಟರ ಹುಡುಗನಿಗೆ ಕೊಡಲಾರದೆ ಹೋಗಿದ್ದೇವೆ.

ಸುಣ್ಣದ ವಿಷಯವನ್ನು ಹೇಳದೆ ಬಿಡಲಾಗದು. ಮನೆಗೆ ಬಳಿಯುವ ಸುಣ್ಣ, ಎಲೆಯಡಿಕೆಗೆಂದು ಅಂಗಡಿಯಲ್ಲಿ ಮಾರುವ ಚಿಕ್ಕ ಪ್ಯಾಕೆಟ್ಟಿನ ಸುಣ್ಣ, ಕಟ್ಟಡದ ಸಿಮೆಂಟು ಇವೆಲ್ಲ ಕ್ಷಾರಗಳು. ಆಮ್ಲವು ಕಣ್ಣಿಗೆ ಬಿದ್ದರೆ ಮೇಲ್ಪದರವು ಹೆಪ್ಪುಗಟ್ಟಿ ಎಷ್ಟೋ ವೇಳೆ ಅದನ್ನು ಅಲ್ಲಿಯೇ ತಡೆಯುವುದು. ಕ್ಷಾರವಾದರೋ ಕೊಬ್ಬನ್ನು ಸಾಬೂನಾಗಿಸುತ್ತ, ಜೀವಕೋಶಗಳ ಪೊರೆಯನ್ನು ಕರಗಿಸುತ್ತ ಒಳಗೊಳಗೆ ಇಳಿಯುವುದು. ಆಟವಾಡುತ್ತ ಮಗುವೊಂದು ಹಿಚುಕಿದ ಸುಣ್ಣದ ಪ್ಯಾಕೆಟ್ಟು ಒಡೆದು ಮುಖಕ್ಕೆ ಸಿಡಿದು ಕಣ್ಣು ಹೋದ ಪ್ರಕರಣಗಳನ್ನು ಭಾರತದ ನೇತ್ರವೈದ್ಯರು ಮೇಲಿಂದ ಮೇಲೆ ವರದಿಮಾಡಿದ್ದಾರೆ. ಇಂಥ ಸಂದರ್ಭದಲ್ಲಿ ಮೊದಲು ಮಾಡತಕ್ಕದ್ದು ಒಂದೇ: ಆಸ್ಪತ್ರೆಗೆ ಹೊರಡುವುದಕ್ಕೂ ಮುಂಚೆ, ನಿಂತ ನಿಲುವಿನಲ್ಲಿಯೇ, ರೆಪ್ಪೆಗಳನ್ನು ಅಗಲಿಸಿ ಹಿಡಿದು, ಶುದ್ಧವಾದ ನೀರನ್ನು ಕಾಲುಗಂಟೆಗೂ ಹೆಚ್ಚು ಕಾಲ ಎಡೆಬಿಡದೆ ಕಣ್ಣಿಗೆ ಹರಿಯಿಸಬೇಕು, ಆಮೇಲೆ ವಿಳಂಬವಿಲ್ಲದೆ ವೈದ್ಯರಲ್ಲಿಗೆ ಒಯ್ಯಬೇಕು. ಈ ಒಂದು ಮಾತನ್ನು ನಾಡಿನ ಪ್ರತಿಯೊಂದು ಶಾಲೆಯಲ್ಲಿಯೂ ಕಲಿಸಿದರೆ ಎಷ್ಟು ಕಣ್ಣುಗಳು ಉಳಿಯಬಲ್ಲವು!

ಬೇಸಾಯದಲ್ಲಿಯೂ ಅಪಾಯವು ಕಡಿಮೆಯಿಲ್ಲ. ಭತ್ತದ ಹೊಟ್ಟು, ರಾಗಿಯ ಸುಂಕು, ಕಬ್ಬಿನ ಗರಿಯ ಅಲಗು, ಇವು ಕಾರ್ನಿಯಾವನ್ನು ಗೀರಿ, ಆ ಗೀರಿನಲ್ಲಿ ಬೂಷ್ಟು ಬೆಳೆದು ಹುಣ್ಣಾಗಿ, ಕೊನೆಗೆ ಕಣ್ಣಿಗೆ ಹೂ ಬಿದ್ದು ದೃಷ್ಟಿ ಹೋಗುವುದು ಹಳ್ಳಿಗರಿಗೆಲ್ಲ ಪರಿಚಿತವಾದ ಸಂಗತಿ. ಎದೆಹಾಲನ್ನೋ ಸೊಪ್ಪಿನ ರಸವನ್ನೋ ಹಿಂಡುವುದರಿಂದಲೂ, ಔಷಧಿ ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಹನಿಯನ್ನು ಬಿಡುವುದರಿಂದಲೂ ಬೂಷ್ಟಿನ ಹುಣ್ಣು ಉಲ್ಬಣಿಸುವುದೇ ಹೊರತು ವಾಸಿಯಾಗದು. ಇದಕ್ಕೆ ಪರಿಹಾರವಿಲ್ಲವೆಂದು ಕೈಚೆಲ್ಲುವವರು ನೇಪಾಳದ ಭಕ್ತಪುರ ಜಿಲ್ಲೆಯಲ್ಲಿ ನಡೆದ ಪ್ರಯೋಗವನ್ನು ಗಮನಿಸಬೇಕು. ಅಲ್ಲಿ ಹಳ್ಳಿಯ ಸ್ವಯಂಸೇವಕರಿಗೇ ತರಬೇತು ಕೊಟ್ಟು, ಕಣ್ಣಿಗೆ ಗೀರುಬಿದ್ದವರನ್ನು ಗುರುತಿಸಿ, ಕ್ಲೋರಾಂಫೆನಿಕಾಲ್ ಎಂಬ ಅಗ್ಗದ ಮುಲಾಮನ್ನು ದಿನಕ್ಕೆ ಮೂರು ಸಲದಂತೆ ಮೂರು ದಿನ ಹಚ್ಚುವ ಏರ್ಪಾಡು ಮಾಡಲಾಯಿತು. 2001ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ, ಗಾಯವಾದ 18 ಗಂಟೆಗಳೊಳಗೆ ಚಿಕಿತ್ಸೆ ಆರಂಭವಾದವರಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲ. ನಮ್ಮಲ್ಲಿ ಹಳ್ಳಿಹಳ್ಳಿಗೂ ಆಶಾ ಕಾರ್ಯಕರ್ತೆಯರಿದ್ದಾರೆ. ಸುಗ್ಗಿಯ ತಿಂಗಳುಗಳಲ್ಲಿ ಅವರ ಚೀಲದಲ್ಲಿ ಆ ಮುಲಾಮೂ, ಅವರಿಗೆ ಆ ತರಬೇತೂ, ಅದಕ್ಕೆ ತಕ್ಕ ಗೌರವಧನವೂ ಏಕಿರಬಾರದು?

ಇಲ್ಲಿ ಒಂದು ಆಕ್ಷೇಪವು ಎದುರಾಗುವುದು. ಕನ್ನಡಕವನ್ನು ಕೊಟ್ಟರೂ ಕೆಲಸಗಾರರು ಹಾಕಿಕೊಳ್ಳುವುದಿಲ್ಲ, ತಪ್ಪು ಅವರದೇ ಎಂದು ಮಾಲೀಕರೂ ಗುತ್ತಿಗೆದಾರರೂ ಹೇಳುತ್ತಾರೆ. ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ, ಆದರೆ ಅವರು ಕೊಡುವ ಕನ್ನಡಕವು ಎಂಥದು? ಒಂದು ವಾರದಲ್ಲಿ ಗೀರುಬಿದ್ದು ಮಬ್ಬಾಗುವ, ಬೆವರಿಗೆ ಆವಿಗಟ್ಟುವ, ಕಿವಿಯನ್ನು ಕೊರೆಯುವ ಅಗ್ಗದ ಪ್ಲಾಸ್ಟಿಕ್ಕನ್ನು ಹಾಕಿಕೊಂಡು ಉಳಿಯ ಮೊನೆಯನ್ನು ನೋಡುವುದಾದರೂ ಹೇಗೆ? ಮಾಡಿದ ಕೆಲಸದ ಅಳತೆಗೆ ಕೂಲಿ ಪಡೆಯುವವನಿಗೆ ಕಾಣಿಸದ ಕ್ಷಣವೆಂದರೆ ಅನ್ನವಿಲ್ಲದ ಕ್ಷಣ. ರಕ್ಷಣೆಯು ದೃಷ್ಟಿಗೆ ಅಡ್ಡಬರಕೂಡದೆಂಬ ತತ್ತ್ವವನ್ನು ಹಾವಿನ ಶಲ್ಕವೂ ಪಾಲಿಸುತ್ತದೆ, ನಮ್ಮ ಗುತ್ತಿಗೆದಾರರು ಪಾಲಿಸುವುದಿಲ್ಲ. ಸವೆದ ಶಲ್ಕವು ಬದಲಾಗುತ್ತಿರುವಂತೆ ಸವೆದ ಕನ್ನಡಕವೂ ಕೆಲಸಗಾರನು ಬೇಡುವ ಮೊದಲೇ ಬದಲಾಗಬೇಕು. ಅಲ್ಲದೆ, ದಿನವಿಡೀ ದುಡಿಯುವವನ ಎಚ್ಚರದ ಮೇಲೆಯೇ ಎಲ್ಲ ಹೊಣೆಯನ್ನು ಹೊರಿಸುವುದು ಜೀವಲೋಕದ ಎರಡನೆಯ ತತ್ತ್ವಕ್ಕೂ ವಿರುದ್ಧವಾದದ್ದು. ಯಂತ್ರಕ್ಕೇ ಗಟ್ಟಿಯಾದ ಮರೆಯೊಂದು ಜೋಡಿಸಲ್ಪಟ್ಟಿದ್ದು, ಕಲ್ಲನ್ನು ಕೊಯ್ಯುವಲ್ಲಿ ನೀರು ಹರಿಯುತ್ತಿದ್ದು, ಪಕ್ಕದಲ್ಲಿ ನಡೆಯುವವರಿಗೆ ಅಡ್ಡತೆರೆ ಕಟ್ಟಿದ್ದರೆ, ಕೆಲಸಗಾರನ ಗಮನವು ಒಂದು ಕ್ಷಣ ತಪ್ಪಿದರೂ ಕಣ್ಣು ತಪ್ಪಿಹೋಗದು.

ಕಾನೂನಿಗೆ ಇದು ಹೊಸ ವಿಷಯವಲ್ಲ. ಸ್ವಾತಂತ್ರ್ಯ ಬಂದ ಮರುವರ್ಷವೇ ರಚಿತವಾದ 1948ರ ಕಾರ್ಖಾನೆಗಳ ಕಾಯಿದೆಯ 35ನೆಯ ಪ್ರಕರಣವು, ಸಿಡಿಯುವ ಚೂರುಗಳಿಂದಲೋ ಅತಿಯಾದ ಬೆಳಕಿನಿಂದಲೋ ಕಣ್ಣಿಗೆ ಅಪಾಯವಿರುವ ಕೆಲಸಗಳಲ್ಲಿ ಮರೆಯನ್ನೋ ತಕ್ಕ ಕನ್ನಡಕವನ್ನೋ ಒದಗಿಸಬೇಕೆಂದು ನಿಯಮಗಳ ಮೂಲಕ ವಿಧಿಸುವ ಅಧಿಕಾರವನ್ನು ರಾಜ್ಯ ಸರ್ಕಾರಗಳಿಗೆ ಕೊಟ್ಟಿತು. ದೂರದೃಷ್ಟಿಯ ವಿಧಿ ಅದು. ಆದರೆ ಆ ಕಾಯಿದೆಯ ಪ್ರಕಾರ ಕಾರ್ಖಾನೆಯೆಂದರೆ ವಿದ್ಯುತ್ತನ್ನು ಬಳಸುವಲ್ಲಿ ಹತ್ತು ಮಂದಿ, ಬಳಸದಲ್ಲಿ ಇಪ್ಪತ್ತು ಮಂದಿ ಕೆಲಸಮಾಡುವ ಸ್ಥಳವಾಗಿತ್ತು. ಆಮೇಲೆ ಕಾನೂನುಗಳು ಎಷ್ಟೇ ಪರಿಷ್ಕಾರಗೊಂಡಿದ್ದರೂ, ಇಬ್ಬರು ಮೂವರು ದುಡಿಯುವ ಗ್ರಿಲ್ ಅಂಗಡಿ, ಮನೆ ಕಟ್ಟುವ ಜಾಗ, ರಸ್ತೆಬದಿಯ ಕಲ್ಲುಕುಟಿಗರ ಗುಡಾರ, ಒಕ್ಕಣೆ ಯಂತ್ರ ನಿಂತ ಹೊಲ, ಇವುಗಳ ಕಡೆಗೆ ಯಾವ ಇನ್ಸ್‌ಪೆಕ್ಟರನ ಸವಾರಿಯೂ ಬರುವುದಿಲ್ಲ. ಕಣ್ಣಿಗೆ ಪೆಟ್ಟಾಗುವುದೋ ಬಹುಮಟ್ಟಿಗೆ ಇಲ್ಲಿಯೇ. ಆದುದರಿಂದ ಕಾನೂನಿನ ಕೈ ಎಟುಕದಲ್ಲಿ ವ್ಯಾಪಾರದ ಕಟ್ಟಲೆಯೂ ಸಾರ್ವಜನಿಕ ಹಣದ ಕಟ್ಟಲೆಯೂ ಎಟುಕಬೇಕು. ಕತ್ತರಿಸುವ ಯಂತ್ರವನ್ನು ಮಾರುವವರು ಅದೇ ಪೆಟ್ಟಿಗೆಯಲ್ಲಿ ಒಳ್ಳೆಯ ಕನ್ನಡಕವನ್ನೂ ಇಟ್ಟೇ ಮಾರಲಿ. ಬಾಡಿಗೆಗೆ ಕೊಡುವವರು ಕನ್ನಡಕವಿಲ್ಲದೆ ಯಂತ್ರವನ್ನು ಹೊರಗೆ ಕಳಿಸದಿರಲಿ. ಕೃಷಿ ಇಲಾಖೆಯ ಸಹಾಯಧನದಲ್ಲಿ ಒಕ್ಕಣೆ ಯಂತ್ರವೋ ಔಷಧಿ ಸಿಂಪಡಿಸುವ ಪಂಪೋ ರೈತನಿಗೆ ಸಂದಾಗ ಅದರೊಡನೆ ಕಣ್ಗಾಪೂ ಸಲ್ಲಲಿ. ಎಲೆಯಡಿಕೆಯ ಸುಣ್ಣವನ್ನು ಹಿಚುಕಿದರೆ ಸಿಡಿಯದಂಥ, ಮಕ್ಕಳ ಕೈಗೆ ಸುಲಭವಾಗಿ ತೆರೆಯದಂಥ ಡಬ್ಬಿಯಲ್ಲಲ್ಲದೆ ಮಾರಕೂಡದೆಂಬ ನಿಯಮವಾಗಲಿ.

ದೀಪಾವಳಿಯ ಕಾಲಕ್ಕೆ ಬೆಂಗಳೂರಿನ ಮಿಂಟೊ ಕಣ್ಣಾಸ್ಪತ್ರೆಯಲ್ಲಿ ಪ್ರತಿವರ್ಷವೂ ಹೆಚ್ಚಿನ ಹಾಸಿಗೆಗಳನ್ನು ಸಿದ್ಧಪಡಿಸಿಟ್ಟು ವೈದ್ಯರು ಹಗಲಿರುಳು ಕಾದಿರುವುದನ್ನು ಪತ್ರಿಕೆಗಳಲ್ಲಿ ಓದುತ್ತೇವೆ. ಒಂದು ಹಬ್ಬಕ್ಕಾಗಿ ಕಣ್ಣಾಸ್ಪತ್ರೆಯು ಯುದ್ಧಸನ್ನದ್ಧವಾಗಬೇಕಾಗಿರುವುದು ಸಮಾಜಕ್ಕೆ ಶೋಭೆಯಲ್ಲ. ಅಲ್ಲಿಗೆ ಬರುವವರಲ್ಲಿ ಪಟಾಕಿಯನ್ನು ತಾವು ಹಚ್ಚದೆ ಸುಮ್ಮನೆ ನೋಡುತ್ತ ನಿಂತವರೂ ದಾರಿಯಲ್ಲಿ ಹೋಗುತ್ತಿದ್ದವರೂ ಅನೇಕರಿರುತ್ತಾರೆಂಬುದು ವಿಷಯವನ್ನು ಇನ್ನಷ್ಟು ಗಂಭೀರವಾಗಿಸುವುದು. ತನ್ನ ಕಣ್ಣಿನ ಹೊಣೆ ತನಗೆ ಎಂಬ ವಾದವು ಇಲ್ಲಿ ಸಂಪೂರ್ಣವಾಗಿ ಬಿದ್ದುಹೋಗುತ್ತದೆ. ದಾರಿಹೋಕನು ಯಾವ ಎಚ್ಚರವನ್ನು ತಾನೆ ವಹಿಸಬೇಕಾಗಿತ್ತು? ಹಚ್ಚಿದವನ ಮೇಲೆ, ಹಚ್ಚಲು ಬಿಟ್ಟ ಹಿರಿಯರ ಮೇಲೆ, ನಡುಬೀದಿಯಲ್ಲದೆ ಬೇರೆ ಬಯಲನ್ನು ಗೊತ್ತುಮಾಡಿಕೊಡದ ಪುರಸಭೆಯ ಮೇಲೆ ಆ ಹೊಣೆಯು ನಿಲ್ಲುವುದು.

ಈ ಹೊಣೆಯು ಮನುಷ್ಯರ ಕಣ್ಣಿಗಷ್ಟೇ ಸೀಮಿತವಾದದ್ದೂ ಅಲ್ಲ. ಇರುಳಿನಲ್ಲಿ ಸಂಚರಿಸುವ ಜಿಂಕೆ, ಕಡವೆಗಳ ಪಾಪೆಯು ಕತ್ತಲೆಯಲ್ಲಿ ಅಗಲವಾಗಿ ತೆರೆದುಕೊಳ್ಳುವುದಲ್ಲದೆ, ಅವುಗಳ ಕಣ್ಣಿನ ಹಿಂಬದಿಯಲ್ಲಿರುವ ಹೊಳೆಯುವ ಪದರವು ಬಂದ ಬೆಳಕನ್ನು ಮತ್ತೊಮ್ಮೆ ಹಿಂದಿರುಗಿಸಿ ಬಳಸಿಕೊಳ್ಳುವುದು. ನಕ್ಷತ್ರಗಳ ಬೆಳಕಿಗೆ ಹದಗೊಂಡ ಅಂಥ ಕಣ್ಣಿಗೆ ಲಾರಿಯ ದೀಪವು ರಾಚಿದಾಗ ಪ್ರಾಣಿಯು ದಿಕ್ಕುಗೆಟ್ಟು ರಸ್ತೆಯ ನಡುವೆಯೇ ನಿಂತುಬಿಡುವುದು. ಬಂಡೀಪುರದ ಕಾಡನ್ನು ಹಾಯುವ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗಿನ 6ರವರೆಗೆ ವಾಹನಸಂಚಾರವನ್ನು ನಿರ್ಬಂಧಿಸಿರುವ ಕ್ರಮವು ಆ ಪ್ರಾಣಿಗಳ ಜೀವವನ್ನು ಉಳಿಸಲೆಂದು ಬಂದದ್ದು. ನಾವು ಸೃಷ್ಟಿಸಿದ ಅಪಾಯವನ್ನು ನಾವೇ ತಡೆಹಿಡಿಯಬಲ್ಲೆವೆಂಬುದಕ್ಕೆ ಅದೊಂದು ಉತ್ತಮ ನಿದರ್ಶನ. ಆ ನಿರ್ಬಂಧವನ್ನು ಸಡಿಲಿಸಬೇಕೆಂಬ ಒತ್ತಾಯವು ಆಗಾಗ್ಗೆ ಕೇಳಿಬರುವಾಗ ಈ ಮೂಕಜೀವಿಗಳ ಪರವಾಗಿ ನಾಡು ದೃಢವಾಗಿ ನಿಲ್ಲಬೇಕು. ನಮ್ಮ ಹಟ್ಟಿಯ ದನಕರುಗಳ ಕಣ್ಣಿಗೆ ನೋವಾದಾಗ ಉಪ್ಪನ್ನೋ ಹೊಗೆಸೊಪ್ಪನ್ನೋ ಅಗಿದು ಉಗುಳುವ ಪದ್ಧತಿಯೂ ಕೆಲವೆಡೆ ಉಳಿದಿದೆ. ನೋವನ್ನು ಹೇಳಲಾರದ ಪ್ರಾಣಿಗೆ ಉರಿಯ ಮೇಲೆ ಉರಿಯನ್ನು ಸೇರಿಸುವ ಈ ಪದ್ಧತಿಯನ್ನು ಬಿಟ್ಟು, ಶುದ್ಧ ನೀರಿನಿಂದ ತೊಳೆದು ಪಶುವೈದ್ಯರನ್ನು ಕರೆಯುವುದು ಸಾಕಿದವರ ಧರ್ಮ.

ಕಣ್ಣು ಕೊಟ್ಟವರನ್ನು ಪೂಜಿಸಿದ ನಾಡು ನಮ್ಮದು. ಬೀಳಗಿಯಲ್ಲಿ ಹುಟ್ಟಿ, ಊರೂರು ತಿರುಗಿ ಶಿಬಿರಗಳನ್ನು ನಡೆಸಿ, ಒಂದೇ ದಿನ 833 ಪೊರೆಯ ಶಸ್ತ್ರಚಿಕಿತ್ಸೆಗಳನ್ನು ಮಾಡಿ, ಲಕ್ಷಾಂತರ ಬಡವರಿಗೆ ಬೆಳಕನ್ನು ಮರಳಿಸಿದ ಡಾ. ಎಂ. ಸಿ. ಮೋದಿಯವರನ್ನು ನಾವು ಕೃತಜ್ಞತೆಯಿಂದ ನೆನೆಯುತ್ತೇವೆ. 1954ರಲ್ಲಿ ‘ಬೇಡರ ಕಣ್ಣಪ್ಪ’ನಾಗಿ ತೆರೆಯ ಮೇಲೆ ಕಣ್ಣನ್ನರ್ಪಿಸಿದ ಡಾ. ರಾಜಕುಮಾರ್ 2006ರಲ್ಲಿ ನಿಜವಾಗಿಯೂ ಕಣ್ಣುಗಳನ್ನು ದಾನವಾಗಿತ್ತರು. 2021ರಲ್ಲಿ ಅವರ ಪುತ್ರ ಪುನೀತ್ ರಾಜಕುಮಾರರ ಎರಡು ಕಾರ್ನಿಯಾಗಳನ್ನು ಪದರುಪದರಾಗಿ ಬಿಡಿಸಿ ನಾಲ್ವರಿಗೆ ದೃಷ್ಟಿ ಕೊಡಲಾಯಿತು. ಇವು ನಾವು ಹೆಮ್ಮೆಪಡತಕ್ಕ ಸಂಗತಿಗಳೇ. ಆದರೆ ಪೊರೆ ಬಂದ ಕಣ್ಣಿಗೆ ಶಸ್ತ್ರಚಿಕಿತ್ಸೆಯಿಂದ ದೃಷ್ಟಿ ಮರಳುವಂತೆ, ಸುಣ್ಣದಿಂದ ಬೆಂದ ಕಣ್ಣಿಗೆ ಅಷ್ಟು ಸುಲಭವಾಗಿ ಮರಳದು. ಕಾರ್ನಿಯಾದ ಅಂಚಿನಲ್ಲಿದ್ದು ಹೊಸ ಕೋಶಗಳನ್ನು ಹುಟ್ಟಿಸುವ ಮೂಲಕೋಶಗಳೇ ನಾಶವಾಗಿರುವಲ್ಲಿ, ದಾನವಾಗಿ ಬಂದ ಕಾರ್ನಿಯಾವನ್ನು ಹೊಲಿದರೂ ಅದು ನಿಲ್ಲುವುದು ದುರ್ಲಭ. ಒಡೆದ ಕಣ್ಣಿನ ನರಪಟಲವನ್ನು ಮರಳಿ ಕೊಡಬಲ್ಲ ದಾನಿಯೂ ಇಲ್ಲ. ಕಳೆದ ಕಣ್ಣನ್ನು ಕೊಟ್ಟವರ ಹೆಸರು ಉಳಿಯುವುದು ಸಹಜ. ಕಣ್ಣು ಕಳೆಯದಂತೆ ಕಾದವರ ಹೆಸರು ಯಾರಿಗೂ ತಿಳಿಯದು, ಏಕೆಂದರೆ ಅವರು ಉಳಿಸಿದ ಕಣ್ಣು ಎಂದಿನಂತೆ ನೋಡುತ್ತಲೇ ಇರುವುದು. ಆ ಅಜ್ಞಾತ ಕಾರ್ಯಕ್ಕೂ ನಾವು ಬೆಲೆ ಕಟ್ಟುವುದನ್ನು ಕಲಿಯಬೇಕಾಗಿದೆ.

ನಾನು ಹೇಳಬೇಕೆಂದಿರುವುದರ ಸಾರ ಇಷ್ಟೆ. ಧೂಳಿನಿಂದಲೂ ಎಲೆಯಿಂದಲೂ ಬಿಸಿಲಿನಿಂದಲೂ ಕಾಪಾಡತಕ್ಕ ರೆಪ್ಪೆಯನ್ನು ಪ್ರಕೃತಿಯು ಕೊಟ್ಟಾಗಿದೆ. ಕಿಡಿಯಿಂದಲೂ ಚೂರಿನಿಂದಲೂ ಕ್ಷಾರದಿಂದಲೂ ಕಾಪಾಡತಕ್ಕ ರೆಪ್ಪೆಯನ್ನು ಕೊಡಬೇಕಾದವರು ಆ ಕಿಡಿ, ಚೂರು, ಕ್ಷಾರಗಳನ್ನು ಲೋಕಕ್ಕೆ ತಂದು ಅವುಗಳಿಂದ ಲಾಭ ಪಡೆಯುವವರು. ಅದು ಕೂಲಿಗಾರನ ಜೇಬಿನ ಖರ್ಚೂ ಅಲ್ಲ, ಒಡೆಯನ ದಯೆಯೂ ಅಲ್ಲ. ಸಿಮೆಂಟಿಗೆ, ಕಬ್ಬಿಣಕ್ಕೆ, ವಿದ್ಯುತ್ತಿಗೆ ಹೇಗೋ ಹಾಗೆ ಕೆಲಸದ ಖರ್ಚಿನಲ್ಲಿಯೇ ಸೇರಬೇಕಾದ ಬಾಬತ್ತು. ಸರ್ಕಾರವು ಇದನ್ನು ತನ್ನಿಂದಲೇ ಆರಂಭಿಸಲಿ. ಲೋಕೋಪಯೋಗಿ ಇಲಾಖೆಯ ದರಪಟ್ಟಿಯಲ್ಲಿ ಕಣ್ಣಿನ ರಕ್ಷಣೆಗೆಂದು ಪ್ರತ್ಯೇಕವಾದ ಒಂದು ಸಾಲನ್ನು ಸೇರಿಸಿ, ಪ್ರತಿಯೊಂದು ಕಾಮಗಾರಿಯ ಟೆಂಡರಿನಲ್ಲಿಯೂ ಅದಕ್ಕೆ ಹಣವನ್ನು ತೆಗೆದಿರಿಸಿ, ಆ ಹಣಕ್ಕೆ ತಕ್ಕ ಕನ್ನಡಕಗಳು ಕೆಲಸಗಾರರ ಮುಖದ ಮೇಲೆ ಇವೆಯೇ ಎಂದು ನೋಡಿದ ಹೊರತು ಯಾವ ಇಂಜಿನಿಯರನೂ ಬಿಲ್ಲಿಗೆ ರುಜು ಹಾಕಕೂಡದೆಂದು ವಿಧಿಸಲಿ. ಸಾರ್ವಜನಿಕರ ಹಣದಿಂದ ಏಳುವ ಕಟ್ಟಡಕ್ಕಾಗಿ ಸಾರ್ವಜನಿಕರಲ್ಲೊಬ್ಬನು ತನ್ನ ಕಣ್ಣನ್ನು ತೆರಬೇಕಾಗಿ ಬರಬಾರದು.